ಪಾಲಿಗೆ ಬಂದ ನಾಲ್ಕು ಎಳೆ

ಹನ್ನೊಂದು. ಮತ್ತೆ ಅದೇ ಹನ್ನೊಂದು.

ಲೋಕೇಶ್ ಮೇಜಿನ ಕೆಳಗಿನಿಂದ ತಲೆ ಎತ್ತಲು ಹೋಗಿ ಹಲಗೆಗೆ ಬಡಿಸಿಕೊಂಡ. ಹಲಗೆಗೊಂದು ಗುದ್ದು ಕೊಟ್ಟ. ಗುದ್ದಿದ ಗೆಣ್ಣನ್ನು ಬಾಯಲ್ಲಿಟ್ಟುಕೊಂಡು ಪರದೆ ನೋಡಿದ. ಸೆಕೆಂಡಿಗೆ ಹನ್ನೊಂದು ಎಂ.ಬಿ. ಕೆಳಗಿನ ಕೋಣೆಯ ಅವನ ಕಂಪ್ಯೂಟರಿನಿಂದ ಮಹಡಿಯ ಮೇಲಿನ ಹೆಂಡತಿ ಶ್ವೇತಳ ಕಂಪ್ಯೂಟರಿಗೆ ಫೈಲುಗಳು ಹೋಗುತ್ತಿದ್ದದ್ದು ಆ ವೇಗದಲ್ಲಿ. ಹೋಗಬೇಕಾದದ್ದು ಎಂಬತ್ತರ ಮೇಲೆ. ಗಿಗಾಬಿಟ್ ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ, ಕಂಪ್ಯೂಟರುಗಳನ್ನು ಜೋಡಿಸುವ ಹೊಸ ಸ್ವಿಚ್ಚನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊತ್ತು ತಂದದ್ದೇ ಅದಕ್ಕೆ. ಅದರ ಮೂತಿಯಲ್ಲಿ ಹಸಿರು ದೀಪ ಹತ್ತಿದರೆ ಸಾವಿರ ಮೆಗಾಬಿಟ್ಟಿನ ವೇಗ, ಹಳದಿ ಹತ್ತಿದರೆ ನೂರರದ್ದು, ಎಂದರೆ ಈ ಹನ್ನೊಂದು ಎಂ.ಬಿ. ಬೆಳಗಿನಿಂದ ಹಳದಿಯೇ ಹತ್ತಿಕೊಂಡು ಕೂತಿತ್ತು.

ಹೋಗುತ್ತಿದ್ದದ್ದು ಮಗಳು. ಸಿರಿಯನ್ನು ತೊಟ್ಟಿಲಿಗೆ ಹಾಕಿದ್ದು, ಕಿವಿ ಚುಚ್ಚಿಸಿದ್ದು, ಅಂಗಳದಲ್ಲಿ ಬಿದ್ದು ಎದ್ದು ನಡೆದದ್ದು, ಎಲ್ಲವನ್ನೂ ಹ್ಯಾಂಡಿಕ್ಯಾಮಿನಲ್ಲಿ ಹಿಡಿದು ಅವನು ತನ್ನ ಕಂಪ್ಯೂಟರಿಗೆ ತುಂಬಿಟ್ಟಿದ್ದ. ಶ್ವೇತ ಕೇಳಿದ್ದು ಅದೊಂದನ್ನೇ. ಸಂಜೆಗೆ ವಿರೂಪಾಕ್ಷಿಪುರದಿಂದ ಅವಳ ತಮ್ಮ ಓಮ್ನಿ ತರುತ್ತಾನೆ. ಅವಳು, ಸಿರಿ, ಅವಳ ಕಂಪ್ಯೂಟರು, ಮೂರೂ ಅದರಲ್ಲಿ ತೌರಿಗೆ ಹೋಗುತ್ತವೆ. ಎಷ್ಟು ದಿನಕ್ಕೆ ಎಂದು ಅವನು ಕೇಳಿರಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಭಯ, ಇನ್ನೇನಿಲ್ಲ.

ಕಾರಣ ಅವಳ ಎಡಗೆನ್ನೆಯ ಮೇಲಿತ್ತು. ಹಿಂದಿನ ರಾತ್ರಿ ಅವನು ಸ್ವಿಚ್ಚಿನ ಮುಂದೆ ಕೂತಿದ್ದಾಗ ಊಟಕ್ಕೆ ಕರೆದು ಕರೆದು ಸಾಕಾಗಿ, ಇಷ್ಟೊಂದು ತಂತಿ ಎಳೆದು ಯಾರ ಜೊತೆ ಮಾತಾಡಬೇಕು ನಿಮಗೆ ಎಂದಿದ್ದಳು. ಆ ಮಾತು ಮುಗಿಯುವುದರೊಳಗೆ ಏಟು ಬಿತ್ತು. ಈ ಮನೆಯಲ್ಲಿ ತಡವಾಗದೆ ತಲುಪುತ್ತಿದ್ದದ್ದು ಅದೊಂದೇ. ಮೊದಲನೆಯದೇನೂ ಅಲ್ಲ. ಆದರೆ ಈ ಸಲ ಅವಳು ಅಳಲಿಲ್ಲ. ಕನ್ನಡಿಯಲ್ಲಿ ಕೆನ್ನೆ ನೋಡಿಕೊಂಡು ಬಂದು ತಮ್ಮನಿಗೆ ಫೋನು ಮಾಡಿದಳು.

ತಪ್ಪಾಯಿತು ಎನ್ನುವುದಕ್ಕೆ ಬೆಳಗಿನಿಂದ ಎಷ್ಟು ಹೊತ್ತು ಬೇಕಾದರೂ ಇತ್ತು. ನಮ್ಮ ಲೋಕೇಶ್ ಮೇಷ್ಟರು ವೇಗ ಹುಡುಕುತ್ತಿದ್ದರು. ರಾಮನಗರದ ಡಿಪ್ಲೊಮಾ ಕಾಲೇಜೊಂದರಲ್ಲಿ ನೆಟ್‌ವರ್ಕಿನ ಪಾಠ ಹೇಳುವವರು ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು, ಉಳಿದದ್ದನ್ನು ಮುಟ್ಟಬಾರದು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಸುತ್ತಾರೆ. ಹಾಗೇ ಮಾಡಿದ. ಕಂಪ್ಯೂಟರಿಂದ ಸ್ವಿಚ್ಚಿಗೆ ಹೋಗುವ ಗಿಡ್ಡ ವೈರು ಬದಲಾಯಿಸಿದ: ಹನ್ನೊಂದು. ಸ್ವಿಚ್ಚಿನ ಬೇರೆ ತೂತಿಗೆ ಚುಚ್ಚಿದ: ಹನ್ನೊಂದು. ಆಂಟಿವೈರಸ್ಸಿನ ಬಾಯಿ ಮುಚ್ಚಿಸಿದ, ಡ್ರೈವರ್ ಹೊಸದಾಗಿ ಹಾಕಿದ, ಹಾರ್ಡ್ ಡಿಸ್ಕಿನ ಓಟ ಅಳೆದ. ಡಿಸ್ಕು ಕುದುರೆ ಹಾಗೆ ಓಡುತ್ತಿತ್ತು. ಪರದೆಯಲ್ಲಿ ಮಾತ್ರ ಹನ್ನೊಂದು.

ಪ್ರತಿ ಪರೀಕ್ಷೆಗೂ ನಡೆಯುತ್ತಿದ್ದ ಕಾಪಿಯನ್ನು ನಿಲ್ಲಿಸಿ, ಅಳಿಸಿ, ಮೊದಲಿನಿಂದ ಶುರುಮಾಡುತ್ತಿದ್ದ. ಬೆಳಿಗ್ಗೆ ಅದರ ಪಾಡಿಗೆ ಅದನ್ನು ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಮುಕ್ಕಾಲು ಪಾಲು ಹೋಗಿ ಮುಟ್ಟಿರುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ಹೊರಗಿನ ಕಬ್ಬಿಣದ ಮೆಟ್ಟಿಲು ಸದ್ದು ಮಾಡಿತು. ಶ್ವೇತ ಬಂದು ಬಾಗಿಲಲ್ಲೇ ನಿಂತಳು.

"ಆಯ್ತಾ?"

"ಆಗ್ತಾ ಇದೆ."

"ಬೆಳಿಗ್ಗೆನೂ ಹಂಗೇ ಅಂದ್ರಿ."

"ಕೇಬಲ್ಲಲ್ಲಿ ಏನೋ ಇದೆ."

ಅವಳು ಹಳದಿ ದೀಪದ ಕಡೆ ನೋಡಿದಳು. "ನನ್ ಸಿಪಿಯುನೇ ಕೆಳಕ್ಕೆ ತಂದ್ಬುಡ್ತೀನಿ. ಪಕ್ಕದಲ್ಲಿಟ್ಟು ಹಾಕ್ಕೊಡಿ."

"ಅದು ಸಲ್ಯೂಷನ್ ಅಲ್ಲ."

"ನಂಗೆ ಸಲ್ಯೂಷನ್ ಬ್ಯಾಡ. ಮಗೂದು ಬೇಕು."

ಅವನು ಪರದೆಯ ಕಡೆ ತಿರುಗಿಕೊಂಡ. ಪಕ್ಕದಲ್ಲಿಟ್ಟರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು, ಪರದೆಯ ಮೇಲೆ ಕಾಪಿಯ ಪಟ್ಟಿ ತುಂಬುವವರೆಗೆ ಆ ಕೆನ್ನೆಯನ್ನು ನೋಡಬೇಕು. ಅವಳು ಹೋದಳು. ಮೆಟ್ಟಿಲು ಮತ್ತೆ ಸದ್ದು ಮಾಡಿತು.

ನಿಧಾನವಾದಷ್ಟೂ ಒಳ್ಳೆಯದೇ ಅಲ್ಲವೇ ಎಂದು ಒಂದು ಮನಸ್ಸು. ಇದು ಮುಗಿಯದೆ ಅವಳು ಹೊರಡುವುದಿಲ್ಲ. ಓಮ್ನಿ ಬಂದು ಕಾಯುತ್ತದೆ, ಕತ್ತಲಾಗುತ್ತದೆ, ನಾಳೆ ಹೋಗೋಣ ಎನ್ನುತ್ತಾಳೆ, ನಾಳೆಯೊಳಗೆ ಊತ ಇಳಿಯುತ್ತದೆ. ಆದರೆ ಆ ಹಳದಿ ದೀಪ ಕಣ್ಣಿಗೆ ಬಿದ್ದಾಗಲೆಲ್ಲ ವೈರನ್ನು ಕಿತ್ತು ಮತ್ತೆ ಚುಚ್ಚುತ್ತಿದ್ದ. ಹೆಂಡತಿ ಬಿಟ್ಟುಹೋಗುತ್ತಾಳೆ ಎಂಬುದನ್ನು ಹೇಗೋ ನುಂಗಬಹುದಿತ್ತು. ಸಾವಿರ ಬರಬೇಕಾದಲ್ಲಿ ನೂರು ಬರುತ್ತಿರುವುದನ್ನು ಅವಳು ನೋಡಿಕೊಂಡು ಹೋಗುವುದನ್ನು ನುಂಗಲಾಗುತ್ತಿರಲಿಲ್ಲ. ಗಂಡಸಿನ ತಲೆ ಎಲ್ಲೆಲ್ಲಿಗೋ ಹೋಗುತ್ತದೆ, ಏನು ಹೇಳುವುದು.

ಇನ್ನು ಉಳಿದದ್ದು ಒಂದೇ, ಗೋಡೆಯಾಚೆ ಅಣ್ಣನ ಮನೆ ಹಾದು ಮಹಡಿಗೆ ಹೋಗುವ ಉದ್ದನೆಯ ಕೇಬಲ್ಲು. ನಿಜ ಹೇಳಬೇಕೆಂದರೆ ತೊಂದರೆ ಅಲ್ಲೇ ಇದೆ ಎಂದು ಅವನಿಗೆ ಬೆಳಿಗ್ಗೆ ಹಳದಿ ದೀಪ ಕಂಡ ಕೂಡಲೇ ಗೊತ್ತಾಗಿತ್ತು. ಅಷ್ಟೂ ಪರೀಕ್ಷೆಗಳನ್ನು ಮಾಡಿದ್ದು ಅಣ್ಣನ ಬಾಗಿಲಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು.

ಬಿಡದಿ ಪಕ್ಕದ ಈ ಊರಿನಲ್ಲಿ ಅವರ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಆ ದುಡ್ಡಿನಲ್ಲಿ ಅಪ್ಪ ಈ ತಾರಸಿ ಮನೆ ಕಟ್ಟಿಸಿದ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರಲ್ಲಿ ಭಾಗವಾಯಿತು. ಭಾಗ ಮಾಡಿದವರು ಗಂಗಹನುಮಯ್ಯನವರು, ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆ ಒಡೆದರೂ ಇವರನ್ನೇ ಕರೆಯುತ್ತಿದ್ದರು. ಹಂಚದೆ ಏನನ್ನೂ ಉಳಿಸಬಾರದು ಎಂಬುದು ಅವರ ಹಟ. ನಡುಮನೆಯ ಮಧ್ಯಕ್ಕೆ ಗೋಡೆ ಬಂತು. ಒಳಗಿನ ಮೆಟ್ಟಿಲು ಅಣ್ಣ ದಾಸಪ್ಪನ ಕಡೆ ಹೋಯಿತು, ಮಹಡಿಯ ಕೋಣೆ ತಮ್ಮನ ಕಡೆ ಬಂತು. ಒರಳುಕಲ್ಲು ದಾಸಪ್ಪನಿಗೆ, ಅದರ ಗುಂಡುಕಲ್ಲು ಲೋಕೇಶನಿಗೆ. ಅಂದಿನಿಂದ ಎರಡೂ ಮನೆಯಲ್ಲಿ ಯಾರೂ ಕಲ್ಲಿನಲ್ಲಿ ರುಬ್ಬಿಲ್ಲ.

ಕೊನೆಗೆ ದಾಸಪ್ಪ ಮೇಲೆ ಕೈ ತೋರಿಸಿ, ನನ್ನ ಗೋಡೆ ಮೇಲೆ ಹಾದುಹೋಗಿರುವ ಆ ವೈರು ಯಾರ ಲೆಕ್ಕಕ್ಕೆ ಎಂದು ಕೇಳಿದ. ಅದರೊಳಗೆ ಎಷ್ಟು ಎಳೆ ಇವೆ ಎಂದರು ಗಂಗಹನುಮಯ್ಯ. ಎಂಟು, ಎಂದ ಲೋಕೇಶ್. ಅವನಿಗೆ ನಗು ಬಂದಿತ್ತು. ನನಗೆ ನಾಲ್ಕು ಸಾಕು, ಮಿಕ್ಕ ನಾಲ್ಕು ಅವನೇ ಇಟ್ಟುಕೊಳ್ಳಲಿ, ಎಂದುಬಿಟ್ಟ. ಆಗಿನ ನೂರರ ವೇಗಕ್ಕೆ ನಾಲ್ಕೇ ಎಳೆ ಸಾಕಾಗಿತ್ತು, ಸುಳ್ಳಲ್ಲ. ತಾನೇ ಸ್ಟೂಲು ಹತ್ತಿ, ದಾಸಪ್ಪನ ನಡುಮನೆಯಲ್ಲಿ ಕೇಬಲ್ಲಿನ ಹೊಟ್ಟೆ ಸೀಳಿ, ನೀಲಿ ಜೋಡಿಯನ್ನೂ ಕಂದು ಜೋಡಿಯನ್ನೂ ಕತ್ತರಿಸಿ ಹೊರಗೆಳೆದು ಕೊಟ್ಟ. ಓದಿದವನ ಬುದ್ಧಿ ನೋಡಿ ಎಂದು ಹಿರಿಯರು ಮೆಚ್ಚಿಕೊಂಡರು. ದಾಸಪ್ಪ ತನ್ನ ಪಾಲಿನ ಎಳೆಗಳನ್ನು ಒಂದು ಮೊಳೆಗೆ ಸುತ್ತಿ, ತುದಿಗೆ ಪ್ಲಾಸ್ಟಿಕ್ ಕವರು ಕಟ್ಟಿಟ್ಟ.

ಸಾವಿರಕ್ಕೆ ಎಂಟೂ ಬೇಕು.

ಬಿಡದಿಯ ಅಂಗಡಿಯಲ್ಲಿ ಹೊಸ ಕೇಬಲ್ಲು ಸಿಗುತ್ತಿತ್ತು. ಹೊರಗಿನ ಮೆಟ್ಟಿಲ ಮೇಲೆ ಎಳೆದರೆ ಯಾರ ಹಂಗೂ ಇಲ್ಲದೆ ಕೆಲಸ ಆಗುತ್ತಿತ್ತು. ಅದು ಹೊಳೆಯಲಿಲ್ಲವೆಂದಲ್ಲ. ಆದರೆ ಹೊಳೆದ ಗಳಿಗೆಯಲ್ಲೇ ಅವನ ಪಿತ್ತ ನೆತ್ತಿಗೇರಿತು. ಎಳೆದವನು ನಾನು, ದುಡ್ಡು ಕೊಟ್ಟವನು ನಾನು, ಮೊಳೆಗೆ ಸುತ್ತಿಟ್ಟು ಕೊಳೆಸುವುದಕ್ಕೆ ಅವನು. ಕಟಿಂಗ್ ಪ್ಲೇಯರನ್ನೂ ಟೇಪನ್ನೂ ಜೇಬಿಗೆ ಹಾಕಿಕೊಂಡು ಎದ್ದ.

ಮನೆ ಭಾಗವಾದಂದಿನಿಂದ ಅಣ್ಣನ ಹೊಸ್ತಿಲು ತುಳಿದಿರಲಿಲ್ಲ. ದಾಸಪ್ಪ ಈಗ ಒಂದು ಬಿಡಿಭಾಗದ ಫ್ಯಾಕ್ಟರಿಯಲ್ಲಿ ಗೇಟ್ ಕಾಯುತ್ತಾನೆ. ಫ್ಯಾಕ್ಟರಿ ಎದ್ದಿರುವುದು ಅವರದ್ದೇ ರಾಗಿ ಹೊಲದಲ್ಲಿ. ಒಳಗೆ ಹೋಗುವ ಲಾರಿಗಳಿಗೆಲ್ಲ ಸಲ್ಯೂಟ್ ಹೊಡೆಯುತ್ತಾನೆ ಎಂದು ಊರಲ್ಲಿ ಹೇಳಿಕೊಂಡು ನಗುತ್ತಿದ್ದರು. ಲೋಕೇಶನೂ ಕಾಲೇಜಿನಲ್ಲಿ ಒಂದೆರಡು ಸಲ ಹೇಳಿಕೊಂಡು ನಕ್ಕಿದ್ದ.

ಭಾನುವಾರದ ಊಟದ ಹೊತ್ತು. ದಾಸಪ್ಪ ನೆಲದ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದ. ಅವನ ತೊಡೆಗೆ ಒರಗಿಕೊಂಡು ಸಿರಿ ಅದೇ ತಟ್ಟೆಯಿಂದ ಪುಟ್ಟ ಪುಟ್ಟ ತುತ್ತು ಮುರಿದು ಸಾರಿಗೆ ಅದ್ದುತ್ತಿದ್ದಳು. ಲೋಕೇಶ್ ಬಾಗಿಲಲ್ಲಿ ನಿಂತುಬಿಟ್ಟ. ಮಗಳು ಮೇಲೆ ತಾಯಿಯ ಹತ್ತಿರ ಇದ್ದಾಳೆ ಎಂದುಕೊಂಡಿದ್ದ. ಮನೆಯಲ್ಲಿ ಮುದ್ದೆ ಎಂದರೆ ಮೂಗು ಮುರಿಯುವ ಹುಡುಗಿ ಇಲ್ಲಿ ದಿನಾ ಉಣ್ಣುವವಳ ಹಾಗೆ ಕೂತಿದ್ದಳು. ಅವನಿಗೆ ಹೊಟ್ಟೆಕಿಚ್ಚಾಯಿತು.

"ಏನ್ಲಾ," ಎಂದ ದಾಸಪ್ಪ.

"ಆ ವೈರು ಬೇಕಿತ್ತು."

"ಯಾವ ವೈರು?"

"ಮೊಳೆಗೆ ಸುತ್ತಿದೀಯಲ್ಲ, ಅದು."

ದಾಸಪ್ಪ ಮೇಲೆ ನೋಡಿದ. "ಅದು ನಮ್ ಭಾಗ ಕಣ್ಲಾ."

ನಿನಗೆ ಅದರಿಂದ ಮೂರು ಕಾಸಿನ ಉಪಯೋಗ ಇಲ್ಲ, ನನಗೆ ಇವತ್ತು ಸಂಜೆಯೊಳಗೆ ಬೇಕು ಎಂದು ಲೋಕೇಶ್ ಪಾಠ ಹೇಳುವ ದನಿಯಲ್ಲಿ ವಿವರಿಸಿದ. ದಾಸಪ್ಪ ಕೇಳಿಸಿಕೊಂಡ. ಆ ಗುಂಡುಕಲ್ಲಿನಿಂದ ನಿನಗೇನು ಉಪಯೋಗ, ಅದನ್ನು ಕೊಟ್ಟಿದ್ದೀಯಾ ಎಂದು ಕೇಳಿದ. ಒಳಗಿನಿಂದ ಬಂದ ಅತ್ತಿಗೆ ಬೋರಮ್ಮ, ಹಾಳು ವೈರು ತಾನೇ, ಕೊಟ್ಟು ಕಳಿಸಬಾರದೇ ಎಂದಳು.

"ಕೊಡಕಿಲ್ಲ ಅಂದ್ನಾ ನಾನು?" ಎಂದ ದಾಸಪ್ಪ. ದನಿ ಮೆತ್ತಗೇ ಇತ್ತು. "ಬಾಯ್ತುಂಬ ಅಣ್ಣ ಅಂತ ಒಂದ್ ಮಾತು ಕೇಳ್ಲಿ. ಎಲ್ಲಾ ಕಿತ್ಕೊಂಡೋಗ್ಲಿ."

ಅಷ್ಟೇ ಕೇಳಿದ್ದು. ಎರಡಕ್ಷರ. ಲೋಕೇಶ್ ಬಾಯಿ ತೆರೆದ. ಚಿಕ್ಕಂದಿನಲ್ಲಿ ದಿನಕ್ಕೆ ನೂರು ಸಲ ಕೂಗಿದ್ದ ಹೆಸರು ಗಂಟಲಿನವರೆಗೆ ಬಂತು, ಬಂದು ನಿಂತಿತು. ಸಿರಿ ಬೆರಳು ನೆಕ್ಕುತ್ತ ಅಪ್ಪನ ಬಾಯಿಯನ್ನೇ ನೋಡುತ್ತಿದ್ದಳು. ಬೋರಮ್ಮನೂ ನೋಡುತ್ತಿದ್ದಳು. ಹೇಳಿಬಿಡಲಿ ಎಂದು ಮೂವರೂ ಕಾಯುತ್ತಿದ್ದರು. ಅವನಿಗೂ ಹೇಳಿಬಿಡಬೇಕು ಎಂದೇ ಇತ್ತು.

"ಟೈಮಿಲ್ಲ ನಂಗೆ," ಎಂದ.

ದಾಸಪ್ಪ ತಟ್ಟೆಯ ಅಂಚಿಗೆ ಕೈ ಒರೆಸಿದ. "ರಾತ್ರಿ ಗ್ವಾಡೆಯಿಂದ ಈಚೆಗೆ ಎಲ್ಲಾ ಕೇಳುಸ್ತು. ಹೆಂಡ್ರು ಮ್ಯಾಲೆ ಏಳೋ ಕೈ ಐತೆ. ಅಣ್ಣ ಅನ್ನೋ ಬಾಯಿಲ್ಲ."

ಲೋಕೇಶ್ ಮೂಲೆಯ ಸ್ಟೂಲನ್ನು ಎಳೆದು ಗೋಡೆಗೆ ಹಾಕಿ ಹತ್ತಿದ. ಮೊಳೆಯಿಂದ ಎಳೆಗಳನ್ನು ಕಿತ್ತುಕೊಂಡ. ಕವರು ಹರಿದು ಕೆಳಗೆ ಬಿತ್ತು. ಇಳಿಯಲಾ ಎಂದು ದಾಸಪ್ಪ ಎಂಜಲು ಕೈಯಲ್ಲೇ ಎದ್ದು ಬಂದು ಅವನ ಕಾಲು ಹಿಡಿದ. ಎಳೆಯಲಿಲ್ಲ, ಬೀಳದಿರಲಿ ಎನ್ನುವ ಹಾಗೆ ಗಟ್ಟಿಯಾಗಿ ಹಿಡಿದ, ಅಷ್ಟೇ. ಮೀನಖಂಡಕ್ಕೆ ಬಿಸಿ ಸಾರು ಮೆತ್ತಿಕೊಂಡದ್ದು ಲೋಕೇಶನಿಗೆ ಗೊತ್ತಾಯಿತು. ಅವನು ಜೇಬಿನಿಂದ ಪ್ಲೇಯರು ತೆಗೆದು ಮೇಲಿನಿಂದ ಬೀಸಿದ.

ಹುಬ್ಬಿನ ಮೇಲೆ ಬಿತ್ತು. ಒಣ ಕಾಯಿ ಒಡೆದ ಸದ್ದು. ದಾಸಪ್ಪ ಕೈ ಬಿಟ್ಟು ಹಿಂದೆ ಕೂತ. ಅಲ್ಲಿಗೆ ಮುಗಿಯಬಹುದಿತ್ತು. ಲೋಕೇಶ್ ಸ್ಟೂಲಿನಿಂದ ಇಳಿದ. ಇಳಿದು ಮತ್ತೆ ಹೊಡೆದ, ಕಿವಿಯ ಹತ್ತಿರ. ಮತ್ತೆ, ಬಾಯಿಯ ಮೇಲೆ. ಹಲ್ಲೋ ಏನೋ ಮುರಿದು ಪ್ಲೇಯರಿಗೆ ತಗುಲಿತು. ದಾಸಪ್ಪನ ಕೈ ಅವನ ಕತ್ತಿಗೆ ಬಂತು, ಹಿಸುಕಿತು, ಇಬ್ಬರೂ ಉರುಳಿದರು. ಮುದ್ದೆ ತಟ್ಟೆ ಮಗುಚಿತು. ಸಾರೂ ರಕ್ತವೂ ಒಂದೇ ಕಡೆ ಹರಿದವು. ಬೋರಮ್ಮ ಲೋಕೇಶನ ಕೂದಲು ಹಿಡಿದು ಎಳೆಯುತ್ತಿದ್ದಳು, ಬೆನ್ನಿಗೆ ಗುದ್ದುತ್ತಿದ್ದಳು, ಅದು ಯಾರದೋ ಬೆನ್ನಿಗೆ ಬೀಳುತ್ತಿದ್ದಂತಿತ್ತು. ಅವನಿಗೆ ಒಳಗೊಳಗೇ ಹಾಯೆನಿಸಿತು. ಹೊಡೆಯುವಾಗ ಗಂಟಲು ಬಿಟ್ಟುಕೊಂಡಿತು. ಏನೋ ಕೂಗುತ್ತಿದ್ದ. ಅಣ್ಣ, ಅಣ್ಣ ಎಂದು ಕೂಗುತ್ತ ಹೊಡೆಯುತ್ತಿದ್ದೇನೆ ಎಂಬುದು ಕತ್ತಿನ ಮೇಲಿದ್ದ ಕೈ ಸಡಿಲವಾದಾಗ ಅವನ ಕಿವಿಗೆ ಬಿತ್ತು.

ಆಗ ಬಾಯಿ ಮುಚ್ಚಿದ.

ದಾಸಪ್ಪ ಮಗ್ಗುಲಾಗಿ ಬಿದ್ದಿದ್ದ. ಉಸಿರು ಗೊರಗೊರ ಎನ್ನುತ್ತಿತ್ತು. ಬೋರಮ್ಮ ಅವನ ತಲೆಗೆ ಸೆರಗು ಒತ್ತಿ ಹಿಡಿದು ಶ್ವೇತಾ, ಶ್ವೇತಾ ಎಂದು ಕರೆಯುತ್ತಿದ್ದಳು. ಸಿರಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಬಾಯೊಳಗಿನ ತುತ್ತನ್ನು ಇನ್ನೂ ನುಂಗಿರಲಿಲ್ಲ.

ಲೋಕೇಶ್ ಪ್ಲೇಯರನ್ನು ಅಂಗಿಗೆ ಒರೆಸಿದ. ಸ್ಟೂಲು ನೆಟ್ಟಗೆ ಇಟ್ಟು ಮತ್ತೆ ಹತ್ತಿದ. ಯಾರು ನೋಡಿದ್ದರೂ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಬೆಳಗಿನಿಂದ ಅಷ್ಟು ಸಮಾಧಾನವಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಎಳೆಗಳ ತುದಿ ಸುಲಿದ. ನೀಲಿಗೆ ನೀಲಿ, ಅದರ ಬಿಳಿಗೆ ಬಿಳಿ. ಕಂದಿಗೆ ಕಂದು, ಅದರ ಬಿಳಿಗೆ ಬಿಳಿ. ಒಂದೊಂದನ್ನೂ ಹೊಸೆದು ಟೇಪು ಸುತ್ತಿದ. ಕೆಳಗೆ ಗೊರಗೊರ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವನು ಕತ್ತು ತಿರುಗಿಸಲಿಲ್ಲ. ಬಣ್ಣ ತಪ್ಪಿದರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ.

ಇಳಿದು ಹೊರಗೆ ಬರುವಾಗ ಶ್ವೇತ ಓಡಿಬರುತ್ತಿದ್ದವಳು ಬಾಗಿಲಲ್ಲಿ ಎದುರಾದಳು.

"ಸರಿಹೋಯ್ತು," ಎಂದ. "ಹೋಗಿ ನೋಡು, ಹಸಿರು ಬಂದಿರುತ್ತೆ."

ಅವಳು ಅವನ ಅಂಗಿ ನೋಡಿದಳು. "ಯಾರ್ದು ಅದು?"

"ಇನ್ನೇನು ಅರ್ಧ ಗಂಟೆ ಸಾಕು."

ಅವಳು ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಹೋದಳು. ಭಾವ ಎಂದು ಕರೆದದ್ದು ಒಂದೇ ಸಲ ಕೇಳಿಸಿತು.

ಕೆಳಗಿನ ಕೋಣೆಯಲ್ಲಿ ಹಸಿರು ಬಂದಿತ್ತು. ಎಂಬತ್ತಾರು. ಲೋಕೇಶ್ ಕುರ್ಚಿಯ ಅಂಚಿಗೆ ಕೂತು ನೋಡಿದ. ಬೆಳಗಿನಿಂದ ತೆವಳುತ್ತಿದ್ದ ಪಟ್ಟಿ ಈಗ ಕಣ್ಣೆದುರಿಗೇ ಬೆಳೆಯುತ್ತಿತ್ತು. ಯಾರನ್ನಾದರೂ ಕರೆದು ತೋರಿಸಬೇಕು ಎನಿಸಿತು. ಗೋಡೆಯ ಆಚೆ ಹೆಂಗಸರು ಗಡಿಬಿಡಿಯಲ್ಲಿ ನೀರು ತರುತ್ತಿದ್ದದ್ದು, ಬಟ್ಟೆ ಹರಿಯುತ್ತಿದ್ದದ್ದು, ಯಾರೋ ಯಾರಿಗೋ ಬೇಗ ಬಾ ಎಂದು ಫೋನಿನಲ್ಲಿ ಹೇಳುತ್ತಿದ್ದದ್ದು ಎಲ್ಲ ಕೇಳಿಸುತ್ತಿತ್ತು. ಈ ಗೋಡೆಯಲ್ಲಿ ಇಷ್ಟೊಂದು ಕೇಳಿಸುತ್ತದೆ ಎಂದು ಅವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ತಾನಾಡಿದ್ದೂ ಇಷ್ಟೇ ಸ್ಪಷ್ಟವಾಗಿ ಆ ಕಡೆ ಕೇಳಿಸಿರಬೇಕು.

ಓಮ್ನಿ ಬಂತು. ಶ್ವೇತಳ ತಮ್ಮ ಬಿಡದಿಯ ಹತ್ತಿರವೇ ಇದ್ದ ಅಂತ ಕಾಣುತ್ತದೆ, ಫೋನು ಮುಟ್ಟಿದ ಕೂಡಲೇ ಬಂದ. ಯಾವ ಮನೆಯ ಮುಂದೆ ನಿಲ್ಲಿಸುವುದೆಂದು ತಿಳಿಯದೆ ಎರಡು ಬಾಗಿಲ ಮಧ್ಯೆ ನಿಲ್ಲಿಸಿದ. ಅವನೂ ಇಬ್ಬರು ಅಕ್ಕಪಕ್ಕದವರೂ ಸೇರಿ ದಾಸಪ್ಪನನ್ನು ಚಾಪೆಯ ಸಮೇತ ಎತ್ತಿ ತಂದರು. ಶ್ವೇತ ಮೊದಲು ಹತ್ತಿ ಕೂತು ಭಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೋರಮ್ಮ ಕಾಲ ಹತ್ತಿರ ಮುದುರಿಕೊಂಡಳು. ಸಿರಿ ಮುಂದಿನ ಸೀಟಿಗೆ ಹತ್ತಿದಳು. ಅಳುತ್ತಿರಲಿಲ್ಲ, ದಾರಿಯನ್ನು ನೋಡುತ್ತಿದ್ದಳು.

ಲೋಕೇಶ್ ಗೇಟಿಗೆ ಬಂದ. ಅಕ್ಕಪಕ್ಕದವರು ಅವನಿಗೆ ದಾರಿ ಬಿಟ್ಟು ದೂರ ಸರಿದು ನಿಂತರು. ಅವನಿಗೆ ನಾನೂ ಬರುತ್ತೇನೆ ಎನ್ನಬೇಕಿತ್ತು.

"ಮುಗೀತಾ ಬಂತು," ಎಂದ ಕಿಟಕಿಯೊಳಕ್ಕೆ. "ಒಸಿ ತಡಿ. ಸಿಪಿಯು ತಂದ್ಕೊಡ್ತೀನಿ."

ಶ್ವೇತ ತಲೆ ಎತ್ತಿದಳು. ಎಡಗೆನ್ನೆಯ ಊತ ಬಿಸಿಲಿಗೆ ಹೊಳೆಯುತ್ತಿತ್ತು. ಆ ಮುಖದಲ್ಲಿ ಕೋಪ ಇದ್ದಿದ್ದರೆ ಅವನಿಗೆ ಅಷ್ಟೋ ಇಷ್ಟೋ ಆಸರೆಯಾಗುತ್ತಿತ್ತು.

"ನೀವೇ ಇಟ್ಕೊಳ್ಳಿ," ಎಂದಳು.

ಓಮ್ನಿ ಹೊರಟಿತು. ಮೈಸೂರು ರಸ್ತೆ ಸೇರುವ ತಿರುವಿನಲ್ಲಿ ಫ್ಯಾಕ್ಟರಿ ಬಸ್ಸುಗಳು ಸಾಲಾಗಿ ಬರುತ್ತಿದ್ದವು, ಅದು ಅವುಗಳ ಮಧ್ಯೆ ನುಗ್ಗಿ ಮರೆಯಾಯಿತು. ರಾಮನಗರದ ಕಡೆಗೋ ಬೆಂಗಳೂರಿನ ಕಡೆಗೋ ಎಂದು ಅವನಿಗೆ ಕಾಣಿಸಲಿಲ್ಲ. ಜನ ಒಬ್ಬೊಬ್ಬರೇ ಚದುರಿದರು. ಯಾರೂ ಬೈಯಲಿಲ್ಲ. ಪೊಲೀಸು ಎಂಬ ಮಾತು ಯಾರದೋ ಬಾಯಲ್ಲಿ ಬಂತು, ಅದೂ ಅವನಿಗೆ ಹೇಳಿದ್ದಲ್ಲ.

ಅವನು ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದ. ಕಟ್ಟಿಟ್ಟ ಎರಡು ಬ್ಯಾಗು ಬಾಗಿಲ ಹಿಂದಿದ್ದವು. ಶ್ವೇತಳ ಕುರ್ಚಿಯಲ್ಲಿ ಕೂತು ಪರದೆ ನೋಡಿದ. ಎಲ್ಲ ಬಂದು ಮುಟ್ಟಿತ್ತು. ಒಂದೂ ತಪ್ಪಿರಲಿಲ್ಲ. ತಾರೀಖಿನ ಪ್ರಕಾರ ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಅಂಗೈಯಗಲದ ಸಿರಿ. ಯಾವುದನ್ನೂ ತೆರೆಯಲು ಅವನಿಗೆ ಧೈರ್ಯ ಬರಲಿಲ್ಲ.

ಮನೆಯಲ್ಲಿ ಸದ್ದಿಲ್ಲ. ಗೋಡೆಯ ಆಚೆಯೂ ಇಲ್ಲ. ಏನಾದರೂ ಮಾಡುತ್ತಿರಬೇಕಿತ್ತು. ಬೋರ್ಡಿನ ಮೇಲೆ ಅವನು ಬರೆಸುವ ಪಾಠದಲ್ಲಿ ಇನ್ನೊಂದು ಸಾಲಿತ್ತು: ಸರಿಮಾಡಿದ ಮೇಲೆ ಆ ಕಡೆಯಿಂದ ಈ ಕಡೆಗೂ ಒಮ್ಮೆ ಕಳಿಸಿ ನೋಡಬೇಕು. ಅವನು ಅಷ್ಟನ್ನೂ ಒಟ್ಟಿಗೆ ಹಿಡಿದು ಕೆಳಗಿನ ಕಂಪ್ಯೂಟರಿಗೆ, ಅವು ಹೊರಟುಬಂದ ಜಾಗಕ್ಕೇ ಕಳಿಸಿದ.

ಪರದೆಯ ಮೇಲೆ ಒಂದು ಪ್ರಶ್ನೆ ಎದ್ದಿತು. ಈ ಫೈಲು ಅಲ್ಲಿ ಆಗಲೇ ಇದೆ. ಅಳಿಸಿ ಅದರ ಮೇಲೆ ಬರೆಯಲೇ?

ಹೌದು, ಎಲ್ಲದಕ್ಕೂ, ಎಂಬಲ್ಲಿ ಅವನು ಒತ್ತಿದ. ಸಿರಿಯ ಮೇಲೆ ಸಿರಿಯನ್ನೇ ಬರೆಯುತ್ತ, ಮೇಲಿನ ಕೋಣೆಯಿಂದ ಕೆಳಗೆ ಯಾರೂ ಇಲ್ಲದ ಕೋಣೆಗೆ, ದಾಸಪ್ಪನ ನಡುಮನೆಯ ಹಸಿ ನೆತ್ತರಿನ ಮೇಲಿಂದ ಹಾದು, ಪಟ್ಟಿ ಓಡತೊಡಗಿತು. ವೇಗ ಎಲ್ಲಿಯೂ ಇಳಿಯಲಿಲ್ಲ.